ಮಗನನ್ನು ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ಗೆ ಸೇರಿಸಲು ನಗದು ಕೊಡುತ್ತೇವೆ ಅಂದವರ ಬಗ್ಗೆ

"ಮಗ ನಾವು ಹೇಳಿದ ಕಾಲೇಜಿಗೇ ಸೇರಲಿ, ನಗದು ಕೊಡ್ತೀವಿ, ಯಾರಿಗೂ ಹೇಳಬೇಡಿ" ಅಂದವರು ಬಹುಶಃ ಏಜೆಂಟ್ ಅಥವಾ ಶೂ ಕಂಪನಿ ಕಡೆಯ ಮಧ್ಯವರ್ತಿ. ಇದು ಸ್ಕಾಲರ್‌ಶಿಪ್ ಅಲ್ಲ. ದಯವಿಟ್ಟು ಆ ದುಡ್ಡು ಮುಟ್ಟಬೇಡಿ. 2017ರಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಬಯಲು ಮಾಡಿದ ಪ್ರಕರಣದಲ್ಲಿ ಬ್ರಯಾನ್ ಬೋವೆನ್ ಅನ್ನೋ ಆಟಗಾರನ ಮನೆಯವರಿಗೆ 1,00,000 ಡಾಲರ್ ಮಾತಾಗಿತ್ತು. ಲೂಯಿವಿಲ್ ವಿಶ್ವವಿದ್ಯಾಲಯಕ್ಕೆ ಸೇರಿದ್ದ ಆ ಹುಡುಗನಿಗೆ ಕಾಲೇಜಿನ ಒಂದು ಪಂದ್ಯವನ್ನೂ ಆಡಲಾಗಲಿಲ್ಲ. ಪೆಟ್ಟು ಬೀಳೋದು ಮಕ್ಕಳಿಗೇ ಜಾಸ್ತಿ.

ಮೊದಲು, ಬಂದ ಮೆಸೇಜ್‌ಗಳನ್ನೆಲ್ಲ ಉಳಿಸಿಕೊಳ್ಳಿ. ಆಮೇಲೆ ಕಾಲೇಜಿನ ಕಂಪ್ಲಯನ್ಸ್ ಆಫೀಸಿಗೆ (ಕ್ರೀಡಾ ನಿಯಮಗಳ ಪಾಲನೆ ನೋಡಿಕೊಳ್ಳುವ ವಿಭಾಗ) ಇಮೇಲ್ ಮಾಡಿ, ಕೋಚ್‌ಗಲ್ಲ. 2021ರಿಂದ ಕಾಲೇಜು ಆಟಗಾರರು ಜಾಹೀರಾತಿನಲ್ಲಿ ದುಡಿಯಬಹುದು, ಆದರೆ ಬರಹದ ಒಪ್ಪಂದ ಇರಲಿ. ಹೈಸ್ಕೂಲ್ ಮಕ್ಕಳಿಗೆ ನಿಯಮ ರಾಜ್ಯಕ್ಕೊಂದು ಥರ; ನಿಮ್ಮ ರಾಜ್ಯದ ಹೈಸ್ಕೂಲ್ ಕ್ರೀಡಾ ಸಂಘದಲ್ಲೇ ಕೇಳಿ. ದುಡ್ಡು ಆಗಲೇ ತಗೊಂಡಿದ್ದರೆ ಎಲ್ಲಕ್ಕಿಂತ ಮೊದಲು ವಕೀಲರನ್ನು ಕಾಣಿ.