ಬೀದಿಯೇ ಬಯಲಾಗಿದ್ದ ಬಾಲ್ಯ

ಪ್ರಶ್ನೆ: 1970ರ ದಶಕದಲ್ಲಿ ಬಸವನಗುಡಿಯ ಬೀದಿಗಳಲ್ಲಿ ಲಗೋರಿ, ಬುಗುರಿ ಆಡುತ್ತ ಬೆಳೆದ ನನಗೆ, ಮೊಮ್ಮಗ ಮೊಬೈಲ್ ಹಿಡಿದು ಕೂತಿರುವುದನ್ನು ಕಂಡರೆ ಸಂಕಟವಾಗುತ್ತದೆ. ಇದು ಬರೀ ಹಳೆಯ ಕಾಲದ ಹಂಬಲವೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಬರೀ ಹಂಬಲವಲ್ಲ. ಆಗ ವಾಹನಗಳು ವಿರಳವಾಗಿದ್ದುದರಿಂದ ನಡುರಸ್ತೆಯಲ್ಲೇ ಲಗೋರಿಯ ಬಿಲ್ಲೆಗಳನ್ನು ಪೇರಿಸಬಹುದಿತ್ತು. ಇಂದು ಅದೇ ಜಾಗದಲ್ಲಿ ಕಾರುಗಳು ಸಾಲುಗಟ್ಟಿ ನಿಂತಿರುವಾಗ ಮಗುವನ್ನು ದೂರುವುದು ನ್ಯಾಯವಲ್ಲ. ಸೀಮೆಎಣ್ಣೆಗಾಗಿ ಸರದಿಯಲ್ಲಿ ಕಾದ ನಮ್ಮ ತಾಯಂದಿರಿಗೆ ಆ ಕಾಲ ಅಷ್ಟೇನೂ ಸರಳವಾಗಿರಲಿಲ್ಲ ಎಂಬುದನ್ನೂ ಮರೆಯಬಾರದು. ಆದರೂ ಎಲ್ಲವೂ ಕೈತಪ್ಪಿಲ್ಲ. ಕಾರ್ತಿಕ ಮಾಸದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಬಳಿ ಕಡಲೆಕಾಯಿ ಪರಿಷೆ ಈಗಲೂ ನೆರೆಯುತ್ತದೆ. ಮೊಮ್ಮಗನ ಕೈಹಿಡಿದು ಅಲ್ಲಿಗೆ ಹೋಗಿ, ಹುರಿದ ಬಿಸಿ ಕಾಯಿಯನ್ನು ಬೆರಳಲ್ಲೇ ಒತ್ತಿ ಸಿಪ್ಪೆ ಬಿಡಿಸುವುದನ್ನು ಕಲಿಸಿ. ಬುಗುರಿಯೊಂದು ಸಿಕ್ಕರೆ ಕೊಂಡುತಂದು, ಚಾಟಿ ಸುತ್ತುವುದನ್ನು ನೀವೇ ತೋರಿಸಿಕೊಡಿ.