ಕಂಪ್ಯೂಟರ್ ಪ್ರಶ್ನೋತ್ತರ: ರಾತ್ರಿ ಹನ್ನೊಂದಕ್ಕೆ ಬಿದ್ದ ನೀಲಿ ಪರದೆ

ಪ್ರಶ್ನೆ: ನಾನು ಇಂಜಿನಿಯರಿಂಗ್ ಕೊನೆ ವರ್ಷದ ವಿದ್ಯಾರ್ಥಿ. ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಒಂದನ್ನು ತೆಗೆದುಕೊಂಡಿದ್ದೇನೆ. ಇಂಟೆಲ್ ಕೋರ್ ಐ5-8600ಕೆ ಪ್ರೊಸೆಸರ್, ಝಡ್370 ಬೋರ್ಡು, 120 ಮಿ.ಮೀ. ಫ್ಯಾನಿನ ಟವರ್ ಕೂಲರ್, 550 ವ್ಯಾಟ್ ಪವರ್ ಸಪ್ಲೈ. 3200 ವೇಗದ ಎರಡು 8 ಜಿಬಿ ರ‍್ಯಾಮ್ ಕಡ್ಡಿಗಳಿದ್ದವು. ಗೆಳೆಯ ಕೊಟ್ಟ 2666ರ ಎರಡು 4 ಜಿಬಿ ಕಡ್ಡಿಗಳನ್ನೂ ಹಾಕಿದೆ. ಕಳೆದ ವಾರ ಬಯಾಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಪರದೆ) ಮಲ್ಟಿಪ್ಲೈಯರ್ 48 ಮಾಡಿ ಪ್ರೊಸೆಸರ್ ವೇಗವನ್ನು 4.8 ಗಿಗಾಹರ್ಟ್ಸ್‌ಗೆ ಏರಿಸಿದೆ, ರ‍್ಯಾಮನ್ನು 3200ರಲ್ಲಿ ಓಡಿಸುವ ಎಕ್ಸ್‌ಎಂಪಿ ಆನ್ ಮಾಡಿದೆ, ವೋಲ್ಟೇಜನ್ನು ಆಟೋದಲ್ಲೇ ಬಿಟ್ಟೆ. ಪ್ರೊಸೆಸರ್ ವೇಗ ಅಳೆಯುವ ಸಿನೆಬೆಂಚ್ ಮೂರು ಸಲ ಸರಿಯಾಗಿ ಓಡಿತು. ಆದರೆ ಮಧ್ಯಾಹ್ನ ಬ್ಲೆಂಡರ್‌ನಲ್ಲಿ (3ಡಿ ಸಾಫ್ಟ್‌ವೇರ್) ರೆಂಡರ್, ಅಂದರೆ ಸೀನಿನ ಚಿತ್ರ ತಯಾರಿಸಲು ಹಾಕಿದರೆ ಇಪ್ಪತ್ತು ನಿಮಿಷಕ್ಕೆ ವಿಂಡೋಸ್ ಕುಸಿದು ನೀಲಿ ಪರದೆ ಬರುತ್ತದೆ. ಆಗ 97 ಡಿಗ್ರಿ, 1.38 ವೋಲ್ಟ್ ತೋರಿಸುತ್ತಿತ್ತು. ಒಮ್ಮೆ ರಾತ್ರಿ ಹನ್ನೊಂದಕ್ಕೆ ಪಿಡಿಎಫ್ ಓದುತ್ತಿದ್ದಾಗಲೂ ಬಿತ್ತು, ‘ಮೆಮೊರಿ ಮ್ಯಾನೇಜ್‌ಮೆಂಟ್’ ಅಂತ ಬಂತು. ವೋಲ್ಟೇಜ್ ಸಾಲದು, 1.45 ಕೊಡು ಅಂತಾನೆ ಗೆಳೆಯ. ಕೊಡಲಾ? ಪ್ರೊಸೆಸರ್ ಕೆಟ್ಟಿದೆಯಾ?
— ಓದುಗ, ರಾಯಚೂರು

ಉತ್ತರ: ಕೊಡಬೇಡಿ. ಪ್ರೊಸೆಸರ್ ಕೆಟ್ಟಿರುವ ಲಕ್ಷಣವೂ ನಿಮ್ಮ ಪತ್ರದಲ್ಲಿ ನನಗೆ ಕಾಣಲಿಲ್ಲ.

ಪತ್ರದಲ್ಲಿ ಮಧ್ಯಾಹ್ನದ ರೆಂಡರ್ ಬಗ್ಗೆ ಜಾಸ್ತಿ ಬರೆದಿದ್ದೀರಿ. ರಾತ್ರಿ ಹನ್ನೊಂದರ ಮಾತನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನಾನು ನಿಂತಿದ್ದು ಆ ಸಾಲಿನ ಹತ್ತಿರ. ಪಿಡಿಎಫ್ ಓದುವಾಗ ಪ್ರೊಸೆಸರ್‌ಗೆ ಕೆಲಸವೇ ಇರುವುದಿಲ್ಲ. ಬಿಸಿಯೂ ಇರುವುದಿಲ್ಲ. ಆದರೂ ಬಿತ್ತು ಅಂದರೆ ಆ ತೊಂದರೆಗೆ ಶಾಖ ಕಾರಣ ಅಲ್ಲ. ನಿಮ್ಮ ಮೆಷಿನ್‌ನಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಒಟ್ಟಿಗೆ ಕೂತಿವೆ. ಒಂದು ರ‍್ಯಾಮಿನದು, ಇನ್ನೊಂದು ಬಿಸಿಯದು. ಮೂರು ಬದಲಾವಣೆಗಳನ್ನು ಒಂದೇ ವಾರದಲ್ಲಿ ಮಾಡಿದ್ದಕ್ಕೆ ಎರಡೂ ಒಂದೇ ಥರ ಕಾಣುತ್ತಿವೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. 1999ರಲ್ಲಿ ನಾನು ಬೆಂಗಳೂರಿನ ಎಸ್.ಪಿ. ರೋಡಿನಿಂದ ಇಂಟೆಲ್‌ನ ಸೆಲೆರಾನ್ 300ಎ ಪ್ರೊಸೆಸರ್ ತಂದಿದ್ದೆ. ಅದರ ಮಲ್ಟಿಪ್ಲೈಯರ್ 4.5ಕ್ಕೆ ಬಿಗಿಯಾಗಿತ್ತು, ಬಸ್ಸಿನ (ಪ್ರೊಸೆಸರನ್ನು ಬೋರ್ಡಿಗೆ ಜೋಡಿಸುವ ದಾರಿ) ವೇಗ 66 ಮೆಗಾಹರ್ಟ್ಸ್. ಎರಡನ್ನೂ ಗುಣಿಸಿದರೆ ಪ್ರೊಸೆಸರಿನ ವೇಗ. ಬಸ್ಸನ್ನು 100 ಮಾಡಿದರೆ 300ರ ಚಿಪ್ಪು 450ಕ್ಕೆ ಓಡುತ್ತದೆ ಅಂತ ಆಗ ಎಲ್ಲರ ಬಾಯಲ್ಲೂ ಇತ್ತು. ನನಗೆ 100 ಅಂದರೆ ಭಯ. ಮಧ್ಯದ 83 ಕ್ಷೇಮ ಅಂದುಕೊಂಡೆ. ಪ್ರೊಸೆಸರ್ ಆರಾಮಾಗಿ 374ರಲ್ಲಿ ಓಡಿತು. ಆದರೆ ಮೂರನೇ ದಿನದಿಂದ ಫೈಲುಗಳು ಕೆಡತೊಡಗಿದವು. ಅಕ್ಕ ‘ಬರಹ’ದಲ್ಲಿ ಟೈಪ್ ಮಾಡಿಟ್ಟಿದ್ದ ಎಂ.ಎ. ಪ್ರಬಂಧದ ನಲವತ್ತು ಪುಟ ಹೋಯಿತು. ನಾನು ವಾರಗಟ್ಟಲೆ ಪ್ರೊಸೆಸರನ್ನೇ ಬೈದೆ. ಅಸಲಿಗೆ ನನ್ನ ಬಿಎಕ್ಸ್ ಬೋರ್ಡಿನಲ್ಲಿ ಡಿಸ್ಕಿನ ಕಂಟ್ರೋಲರ್ ಕೂತಿದ್ದ ಪಿಸಿಐ ಬಸ್ಸಿಗೆ ಸಿಗಬೇಕಾದದ್ದು 33 ಮೆಗಾಹರ್ಟ್ಸ್. 66ರಲ್ಲಿ ಅರ್ಧ, 100ರಲ್ಲಿ ಮೂರನೇ ಒಂದು ಭಾಗ, ಎರಡೂ ಕಡೆ 33 ಸಿಗುತ್ತದೆ. 83ರಲ್ಲಿ ಅರ್ಧ ಅಂದರೆ 41.5. ಆ ವೇಗ ಡಿಸ್ಕಿನ ಕಂಟ್ರೋಲರ್‌ಗೆ ತಡೆಯಲಿಲ್ಲ. ನಾನು ಮುಟ್ಟಿದ್ದು ಪ್ರೊಸೆಸರನ್ನು, ಪೆಟ್ಟು ಬಿದ್ದಿದ್ದು ಹಾರ್ಡ್ ಡಿಸ್ಕಿಗೆ. ಅಕ್ಕ ಆ ನಲವತ್ತು ಪುಟವನ್ನು ಮತ್ತೆ ಟೈಪ್ ಮಾಡಿದಳು.

ಅದಕ್ಕೇ ಮೊದಲ ಕೆಲಸ ಇದು: ಪ್ರಾಜೆಕ್ಟ್ ಫೈಲುಗಳನ್ನೆಲ್ಲ ಹೊರಗಿನ ಡಿಸ್ಕಿಗೆ ಕಾಪಿ ಮಾಡಿ. ಈ ಓವರ್‌ಕ್ಲಾಕ್‌ನಲ್ಲಿ, ಅಂದರೆ ತಯಾರಕರು ಹೇಳಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ, ಇರುವಾಗ ಅಲ್ಲ, ಬಯಾಸ್‌ನಲ್ಲಿ ‘ಲೋಡ್ ಡಿಫಾಲ್ಟ್ಸ್’ ಒತ್ತಿ ಎಲ್ಲವನ್ನೂ ಮೊದಲಿನಂತೆ ಮಾಡಿದ ಮೇಲೆ. ರ‍್ಯಾಮ್ ತಪ್ಪುತ್ತಿದ್ದರೆ ಕಾಪಿ ಮಾಡುವ ಫೈಲೇ ಕೆಟ್ಟು ಹೋಗಬಹುದು, ನಿಮಗೆ ಗೊತ್ತೂ ಆಗುವುದಿಲ್ಲ. ಕಾಪಿಯಾದ ಫೈಲುಗಳನ್ನು ಬ್ಲೆಂಡರ್‌ನಲ್ಲಿ ತೆರೆದು ನೋಡಿ. ಮೆಷಿನ್ ನೆಟ್ಟಗಾಗುವ ತನಕ ವಿಂಡೋಸ್ ಅಪ್‌ಡೇಟ್ ಕೂಡ ಹಾಕಬೇಡಿ.

ಈಗ ರ‍್ಯಾಮ್. ಎಕ್ಸ್‌ಎಂಪಿ ಆನ್ ಮಾಡುವುದೂ ಓವರ್‌ಕ್ಲಾಕೇ. ಇದನ್ನು ತುಂಬಾ ಜನ ಮರೆಯುತ್ತಾರೆ. 8600ಕೆಗೆ ಇಂಟೆಲ್ ಹೇಳಿರುವ ರ‍್ಯಾಮ್ ವೇಗ 2666. 3200 ಅದಕ್ಕಿಂತ ಮೇಲೆ. ಒಳ್ಳೆಯ ಒಂದು ಜೊತೆ ಕಡ್ಡಿಗೆ ಇದು ಸಾಮಾನ್ಯವಾಗಿ ಕಷ್ಟವಲ್ಲ. ಆದರೆ ನಿಮ್ಮಲ್ಲಿ ಇರುವುದು ಎರಡು ಬೇರೆ ಜೊತೆ. 3200ರ ಲೆಕ್ಕವನ್ನು ನಾಲ್ಕೂ ಕಡ್ಡಿಗಳ ಮೇಲೆ ಹೇರಿದ್ದೀರಿ. ಅದರಲ್ಲಿ ಎರಡು 2666ಕ್ಕೆ ಮಾತ್ರ ಮಾತು ಕೊಟ್ಟವು. ಹೊಂದಿಕೆಯಾಗದ ಎತ್ತುಗಳನ್ನು ಒಂದೇ ನೊಗಕ್ಕೆ ಕಟ್ಟಿದ ಹಾಗೆ. ಗೆಳೆಯನ ಕಡ್ಡಿಗಳನ್ನು ತೆಗೆಯಿರಿ. ನಿಮ್ಮ ಎರಡು 8 ಜಿಬಿ ಕಡ್ಡಿಗಳನ್ನು ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಜಾಗದಲ್ಲಿ ಹಾಕಿ. ಮಲ್ಟಿಪ್ಲೈಯರ್ ಮುಟ್ಟಬೇಡಿ. ಎಕ್ಸ್‌ಎಂಪಿ ಮಾತ್ರ ಆನ್ ಮಾಡಿ. ಪೆನ್‌ಡ್ರೈವ್‌ನಿಂದ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಹಾಕಿ, ರಾತ್ರಿ ಮಲಗುವಾಗ ಶುರು ಮಾಡಿದರೆ ಬೆಳಗ್ಗೆ ನಾಲ್ಕು ಸುತ್ತು ಮುಗಿದಿರುತ್ತದೆ. ಒಂದೇ ಒಂದು ತಪ್ಪು ಬಂದರೂ ಅದು ಫೇಲ್. ಒಂದೇ ತಾನೇ, ಪರವಾಗಿಲ್ಲ ಅನ್ನಬೇಡಿ. ತಪ್ಪು ಬಂದರೆ ವೇಗವನ್ನು 3000ಕ್ಕೆ ಇಳಿಸಿ ಮತ್ತೆ ಹಾಕಿ. 2666ರಲ್ಲೂ ಬಂದರೆ ಒಂದೊಂದೇ ಕಡ್ಡಿ ಹಾಕಿ ನೋಡಿ, ಕೆಟ್ಟದ್ದು ಯಾವುದು ಅಂತ ಸಿಗುತ್ತದೆ.

ರ‍್ಯಾಮ್ ಪಾಸಾದ ಮೇಲೆ ಪ್ರೊಸೆಸರಿಗೆ ಬನ್ನಿ. ಇಲ್ಲಿ ನಿಮ್ಮ ತೊಂದರೆ ವೋಲ್ಟೇಜ್ ಕಡಿಮೆ ಆದದ್ದಲ್ಲ, ಜಾಸ್ತಿ ಆದದ್ದು. ಆಟೋದಲ್ಲಿ ಬಿಟ್ಟರೆ ಎಷ್ಟೋ ಬೋರ್ಡುಗಳು ಬೀಳಬಾರದು ಅಂತ ಬೇಕಾದ್ದಕ್ಕಿಂತ ಹೆಚ್ಚು ಸುರಿಯುತ್ತವೆ. ಚಿಪ್ಪು ಹುಟ್ಟಿಸುವ ಶಾಖ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. 1.38ರಿಂದ 1.45ಕ್ಕೆ ಹೋದರೆ ಅದೇ ವೇಗದಲ್ಲೇ ಸುಮಾರು 10 ಶೇಕಡಾ ಹೆಚ್ಚು ಶಾಖ. ನೀವು ಈಗಲೇ 97ರಲ್ಲಿದ್ದೀರಿ, 100ಕ್ಕೆ ಈ ಚಿಪ್ಪು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಇನ್ನೊಂದು ವಿಷಯ: ಬಿಸಿಯಾದ ಚಿಪ್ಪಿಗೆ ಅದೇ ವೇಗದಲ್ಲಿ ಓಡಲು ಇನ್ನಷ್ಟು ವೋಲ್ಟೇಜ್ ಬೇಕಾಗುತ್ತದೆ. ಕೊಟ್ಟರೆ ಇನ್ನಷ್ಟು ಬಿಸಿ. ಗೆಳೆಯನ ಸಲಹೆ ನಿಮ್ಮನ್ನು ಈ ಸುಳಿಗೆ ನೂಕುತ್ತದೆ. 1.38ರಿಂದ 1.25ಕ್ಕೆ ಇಳಿಸಿದರೆ ಸುಮಾರು 18 ಶೇಕಡಾ ಶಾಖ ಕಡಿಮೆಯಾಗುತ್ತದೆ. ನನ್ನ ಸಲಹೆ ಈ ದಿಕ್ಕಿನದು.

ಮಲ್ಟಿಪ್ಲೈಯರ್ 45, ವೋಲ್ಟೇಜ್ ಕೈಯಾರೆ 1.20. ಇಲ್ಲಿಂದ ಶುರು ಮಾಡಿ. ಬ್ಲೆಂಡರ್‌ನಲ್ಲಿ ನಿಮ್ಮದೇ ಸೀನ್ ಒಂದು ಗಂಟೆ ರೆಂಡರ್ ಆಗಲಿ, ಪಕ್ಕದಲ್ಲಿ ಬಿಸಿ, ವೋಲ್ಟೇಜ್ ತೋರಿಸುವ ಎಚ್‌ಡಬ್ಲ್ಯೂಇನ್ಫೋ ತೆರೆದಿಡಿ. ಬಿದ್ದರೆ 0.02 ಏರಿಸಿ. ಬೀಳದೆ ನಿಂತರೆ 46ಕ್ಕೆ ಹೋಗಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದನ್ನೂ ನೋಟ್‌ಬುಕ್‌ನಲ್ಲಿ ಬರೆಯಿರಿ. ಪೆನ್ನಲ್ಲೇ ಬರೆಯಿರಿ, ಯಾಕೆಂದರೆ ಬೀಳುವುದು ಕಂಪ್ಯೂಟರ್. 85 ಡಿಗ್ರಿ ದಾಟಿದರೆ ಅಥವಾ 1.30 ವೋಲ್ಟ್ ಮುಟ್ಟಿದರೆ ಅಲ್ಲಿಗೆ ನಿಲ್ಲಿಸಿ. ಗಾಳಿಯ ಕೂಲರ್ ಇರುವವರಿಗೆ ನಾನು ಹಾಕುವ ಗೆರೆ ಅದು.

ಸಿನೆಬೆಂಚ್ ಪಾಸಾಗಿ ಬ್ಲೆಂಡರ್ ಬೀಳುವುದು ವಿಚಿತ್ರ ಅಲ್ಲ. ಸಿನೆಬೆಂಚಿನ ಒಂದು ಓಟ ಕೆಲವೇ ನಿಮಿಷದ್ದು, ಕೂಲರಿನ ಲೋಹ ಪೂರ್ತಿ ಕಾಯುವ ಮುಂಚೆ ಮುಗಿಯುತ್ತದೆ. ರೆಂಡರ್ ಬಿಡುವುದೇ ಇಲ್ಲ. ಜೊತೆಗೆ ಬ್ಲೆಂಡರ್ ಎವಿಎಕ್ಸ್ ಆದೇಶಗಳನ್ನು (ಒಂದೇ ಏಟಿಗೆ ಹಲವು ಲೆಕ್ಕ ಮಾಡಿಸುವಂಥವು) ಚೆನ್ನಾಗಿ ಬಳಸುತ್ತದೆ, ಅವು ಚಿಪ್ಪನ್ನು ಹಿಂಡುತ್ತವೆ. ಬಯಾಸ್‌ನಲ್ಲಿ ‘ಎವಿಎಕ್ಸ್ ಆಫ್‌ಸೆಟ್’ ಅಂತ ಇದೆ. ಅದನ್ನು 2 ಮಾಡಿದರೆ ಅಂಥ ಕೆಲಸ ಬಂದಾಗ ಮಾತ್ರ 47 ಇದ್ದದ್ದು 45ಕ್ಕೆ ಇಳಿಯುತ್ತದೆ, ಉಳಿದಂತೆ 47ರಲ್ಲೇ ಇರುತ್ತದೆ. ‘ಲೋಡ್ ಲೈನ್ ಕ್ಯಾಲಿಬ್ರೇಷನ್’ ಅಂತ ಇನ್ನೊಂದಿದೆ. ಭಾರ ಬಿದ್ದಾಗ ವೋಲ್ಟೇಜ್ ಸ್ವಲ್ಪ ಕುಸಿಯುತ್ತದೆ, ಅದನ್ನು ಎತ್ತಿ ಹಿಡಿಯುವ ವ್ಯವಸ್ಥೆ ಅದು. ಮಧ್ಯದ ಹಂತದಲ್ಲಿ ಇಡಿ. ಕೊನೆಯ ಹಂತಕ್ಕೆ ಏರಿಸಿದರೆ ಭಾರ ಇಳಿದ ಕ್ಷಣದಲ್ಲಿ ವೋಲ್ಟೇಜ್ ಮೇಲಕ್ಕೆ ಚಿಮ್ಮುತ್ತದೆ.

ನೀಲಿ ಪರದೆಯ ಮಾತನ್ನೂ ಬರೆದಿಡಿ. ‘ಡಬ್ಲ್ಯೂಎಚ್‌ಇಎ ಅನ್‌ಕರೆಕ್ಟಬಲ್ ಎರರ್’ ಅಥವಾ ‘ಕ್ಲಾಕ್ ವಾಚ್‌ಡಾಗ್ ಟೈಮ್‌ಔಟ್’ ಬಂದರೆ ಹೆಚ್ಚಾಗಿ ಪ್ರೊಸೆಸರಿಗೆ ಆ ವೇಗಕ್ಕೆ ವೋಲ್ಟೇಜ್ ಸಾಲದು. ‘ಮೆಮೊರಿ ಮ್ಯಾನೇಜ್‌ಮೆಂಟ್’ ಬಂದರೆ ಮೊದಲು ರ‍್ಯಾಮ್ ನೋಡಿ. ಪರದೆಯೇ ಬರದೆ ದೀಪ ಆರಿದ ಹಾಗೆ ಆಫ್ ಆದರೆ ಪವರ್ ಸಪ್ಲೈ ಮೇಲೆ ಅನುಮಾನ ಪಡಿ.

ರಾಯಚೂರಿನ ಬೇಸಿಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕೂಲರ್ ಚಿಪ್ಪನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಕೋಣೆ 28ರಿಂದ 40ಕ್ಕೆ ಏರಿದರೆ ಚಿಪ್ಪೂ ಹತ್ತಿರಹತ್ತಿರ ಅಷ್ಟೇ ಏರುತ್ತದೆ. ಅದಕ್ಕೇ ನಿಮ್ಮ ರೆಂಡರ್ ಮಧ್ಯಾಹ್ನ ಬೀಳುತ್ತದೆ. ಪರೀಕ್ಷೆಯನ್ನು ಮಧ್ಯಾಹ್ನ ಮೂರಕ್ಕೇ ಮಾಡಿ, ರಾತ್ರಿ ಪಾಸಾದದ್ದನ್ನು ನಂಬಬೇಡಿ. ಸೆಕೆಂಡ್ ಹ್ಯಾಂಡ್ ಮೆಷಿನ್ ಅಲ್ವಾ, ಕೂಲರ್ ಬಿಚ್ಚಿ ಧೂಳು ತೆಗೆದು ಚಿಪ್ಪಿನ ಶಾಖವನ್ನು ಕೂಲರಿಗೆ ದಾಟಿಸುವ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿ. ಇದೊಂದರಿಂದಲೇ ಎಷ್ಟೋ ಡಿಗ್ರಿ ಇಳಿದದ್ದನ್ನು ನಮ್ಮ ಅಂಗಡಿಯಲ್ಲಿ ನೋಡಿದ್ದೇನೆ.

48 ತಲುಪದಿದ್ದರೆ ಬೇಜಾರು ಬೇಡ. ಪ್ರತಿ ಚಿಪ್ಪಿನ ಹಣೆಬರಹ ಬೇರೆ. ನಿಮ್ಮ ಪ್ರೊಸೆಸರ್ ಆರೂ ಕೋರ್ ಓಡುವಾಗ ತಾನಾಗಿಯೇ 4.1 ಗಿಗಾಹರ್ಟ್ಸ್ ಕೊಡುತ್ತದೆ. ಅದರಲ್ಲಿ 60 ನಿಮಿಷ ಹಿಡಿಯುವ ರೆಂಡರ್ 4.5ರಲ್ಲಿ ಹೆಚ್ಚುಕಡಿಮೆ 55 ನಿಮಿಷ, 4.8ರಲ್ಲಿ 51. ಆ ಕೊನೆಯ ನಾಲ್ಕು ನಿಮಿಷಕ್ಕಾಗಿ ಕೊನೇ ವರ್ಷದ ಪ್ರಾಜೆಕ್ಟನ್ನು ಪಣಕ್ಕಿಡುವುದು ನನಗಂತೂ ಒಪ್ಪಿಗೆ ಇಲ್ಲ. ಪ್ರಾಜೆಕ್ಟ್ ಒಪ್ಪಿಸುವ ತನಕ 45ರಲ್ಲಿ ಇರಿ. ಆಮೇಲೆ ರಜೆಯಲ್ಲಿ 48ರ ಆಸೆ ತೀರಿಸಿಕೊಳ್ಳಿ.

ಪ್ರಶ್ನೆ: ರ‍್ಯಾಮ್ ವೇಗ ಏರಿಸಿ ಸೇವ್ ಮಾಡಿದೆ. ಈಗ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ಬಯಾಸಿಗೂ ಹೋಗಲಾಗುತ್ತಿಲ್ಲ. ಬೋರ್ಡ್ ಸುಟ್ಟಿತಾ?
— ಓದುಗ, ಹಾಸನ

ಉತ್ತರ: ಸುಟ್ಟಿರುವ ಸಂಭವ ಕಡಿಮೆ. ಆ ವೇಗದಲ್ಲಿ ರ‍್ಯಾಮ್ ಏಳುತ್ತಿಲ್ಲ, ಅಷ್ಟೇ. ಮೊದಲು ಐದು ನಿಮಿಷ ಸುಮ್ನೆ ಕಾಯಿರಿ. ಕೆಲವು ಬೋರ್ಡುಗಳು ಎರಡು ಮೂರು ಸಲ ಪ್ರಯತ್ನಿಸಿ ತಾವೇ ಹಳೆಯ ವೇಗಕ್ಕೆ ಮರಳುತ್ತವೆ. ಆಗದಿದ್ದರೆ ವೈರ್ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಬೋರ್ಡಿನ ಮೇಲೆ ಗುಂಡಗಿನ ಸಿಆರ್2032 ಬ್ಯಾಟರಿ ಇದೆ. ಅದನ್ನು ತೆಗೆದು ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ. ಬೋರ್ಡಿನ ಪುಸ್ತಕದಲ್ಲಿ ಬಯಾಸ್ ಸೆಟ್ಟಿಂಗನ್ನು ಅಳಿಸುವ ‘ಕ್ಲಿಯರ್ ಸಿಮಾಸ್’ ಜಂಪರ್ ಎಲ್ಲಿದೆ ಅಂತ ತೋರಿಸಿದ್ದರೆ ಅದು ಇನ್ನೂ ಸುಲಭ. ಇಷ್ಟಾದರೂ ಏಳದಿದ್ದರೆ ಒಂದೇ ಕಡ್ಡಿ ಹಾಕಿ ನೋಡಿ. ಮರಳಿ ಬಂದ ಮೇಲೆ ಗಡಿಯಾರದ ತಾರೀಖು ಸರಿ ಮಾಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಬ್ಯಾಂಕಿನ ವೆಬ್‌ಸೈಟುಗಳು ತೆರೆಯುವುದಿಲ್ಲ.

ಪ್ರಶ್ನೆ: ನನ್ನದು ಐ5-8400, ಎಚ್310 ಬೋರ್ಡು, 8 ಜಿಬಿಯ ಒಂದು ರ‍್ಯಾಮ್ ಕಡ್ಡಿ. ಓವರ್‌ಕ್ಲಾಕ್ ಮಾಡಬಹುದಾ?
— ಓದುಗಿ, ಶಿರಸಿ

ಉತ್ತರ: ಆಗುವುದಿಲ್ಲ. ಹೆಸರಿನ ಕೊನೆಗೆ ‘ಕೆ’ ಇಲ್ಲದ ಆ ಪ್ರೊಸೆಸರಿನ ಮಲ್ಟಿಪ್ಲೈಯರ್‌ಗೆ ಬೀಗ ಹಾಕಿದೆ. ನಿಮ್ಮ ಬೋರ್ಡು ರ‍್ಯಾಮನ್ನೂ 2666ರ ಮೇಲೆ ಓಡಿಸುವುದಿಲ್ಲ. ಆದರೆ ಒಂದೇ ಕಡ್ಡಿ ಇರುವುದರಿಂದ ರ‍್ಯಾಮಿನ ಎರಡು ದಾರಿಗಳಲ್ಲಿ ಒಂದು ಖಾಲಿ ಬಿದ್ದಿದೆ. ಈಗಿರುವ ಥರದ್ದೇ ಇನ್ನೊಂದು 8 ಜಿಬಿ ಕಡ್ಡಿ ತಂದು ಹಾಕಿ, ಎರಡೂ ದಾರಿ ತೆರೆಯುತ್ತವೆ.