ಕ್ಲಾಸಿನಲ್ಲಿ ಇಬ್ಬರು ಅಮ್ಮಂದಿರ ಕಥೆ ಓದಬಹುದಾ?

(ಗುರುತು ಸಿಗದ ಹಾಗೆ ವಿವರ ಬದಲಾಯಿಸಿದ್ದೇನೆ.)

ಬೆಂಗಳೂರಿನ ಖಾಸಗಿ ಶಾಲೆಯೊಂದರ ಮೂರನೇ ತರಗತಿ ಟೀಚರ್ ನನ್ನ ಹತ್ತಿರ ಬಂದಿದ್ದರು. ಅವರ ಕ್ಲಾಸಿನ ಒಬ್ಬಳು ಹುಡುಗಿಗೆ ಮನೆಯಲ್ಲಿ ಇಬ್ಬರು ಅಮ್ಮಂದಿರು. ಶಾಲೆಯ ದಾಖಲೆಯಲ್ಲಿ ಮಾತ್ರ ಒಬ್ಬರೇ. ನಮ್ಮಲ್ಲಿ ಸಲಿಂಗ ಜೋಡಿ ಒಟ್ಟಾಗಿ ಮಗುವನ್ನು ದತ್ತು ಪಡೆಯುವ ಹಾಗಿಲ್ಲ. 2023ರ ಅಕ್ಟೋಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನಲ್ಲೂ ಅದಕ್ಕೆ ಅವಕಾಶ ಸಿಗಲಿಲ್ಲ. ಹಾಗಾಗಿ ಒಬ್ಬರು ಒಂಟಿ ತಾಯಿ, ಇನ್ನೊಬ್ಬರು ಕಾಗದದ ಮೇಲೆ ಯಾರೂ ಅಲ್ಲ.

'ನನ್ನ ಕುಟುಂಬ' ಪಾಠಕ್ಕೆ ಕೊಟ್ಟ ಹಾಳೆಯನ್ನು ಟೀಚರ್ ತಂದಿದ್ದರು. ಅಪ್ಪನ ಖಾನೆಯಲ್ಲಿ ಹುಡುಗಿ 'ಮಮ್ಮ' ಎಂದು ಬರೆದಿದ್ದಾಳೆ, ಅಳಿಸಿದ್ದಾಳೆ, ಮತ್ತೆ ಬರೆದಿದ್ದಾಳೆ. ರಬ್ಬರ್ ಉಜ್ಜಿ ಉಜ್ಜಿ ಅಲ್ಲಿ ಕಾಗದವೇ ತೂತಾಗಿತ್ತು.

ಟೀಚರ್ ಇಬ್ಬರು ಅಮ್ಮಂದಿರಿರುವ ಚಿತ್ರಪುಸ್ತಕ ಹುಡುಕಿದ್ದರು. ಸೋಮವಾರವೇ ಗಟ್ಟಿಯಾಗಿ ಓದಬೇಕು ಅಂತ ಆಸೆ. ಅಷ್ಟರಲ್ಲಿ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಕೇಳಿಯಾಗಿತ್ತು: "ಈ ವಯಸ್ಸಿಗೆ ಇದೆಲ್ಲ ಬೇಕಾ?"

ಸೋಮವಾರ ಬೇಡ ಎಂದೆ. ಈಗಲೇ ಓದಿದರೆ ಇಡೀ ಕ್ಲಾಸು ಆ ಹುಡುಗಿಯ ಕಡೆ ತಿರುಗುತ್ತದೆ. ಮೊದಲು ಹಾಳೆ ಬದಲಾಯಿಸಿ. 'ಅಪ್ಪ', 'ಅಮ್ಮ' ಖಾನೆ ತೆಗೆದು, "ನಿಮ್ಮ ಮನೆಯಲ್ಲಿ ಯಾರ್ಯಾರಿದ್ದಾರೆ? ಜ್ವರ ಬಂದರೆ ಪಕ್ಕದಲ್ಲಿ ಮಲಗುವವರು ಯಾರು?" ಎಂದು ಕೇಳಿ. ಅಜ್ಜಿ ಸಾಕುತ್ತಿರುವ ಮಗುವಿಗೂ ಇದು ಸಲೀಸು. ಆಮೇಲೆ ಅಮ್ಮಂದಿರನ್ನು ಕೇಳಿ, ಎಷ್ಟು ಹೇಳಬಹುದು ಅಂತ. ಮನೆ ಮಾಲೀಕರಿಗೂ ಗೊತ್ತಾಗದ ಹಾಗೆ ಬದುಕುವ ಜೋಡಿಗಳಿವೆ.

ಪುಸ್ತಕ ಆರಿಸುವುದರ ಬಗ್ಗೆ ಜಾಸ್ತಿ ಮಾತಾಡಿದೆವು. ಬಳೆ ಇಷ್ಟಪಡುವ ಹುಡುಗನನ್ನು ಪುಟಗಟ್ಟಲೆ ಗೇಲಿ ಮಾಡಿಸಿ, ಕೊನೇ ಪುಟದಲ್ಲಿ ಎಲ್ಲರೂ ಅಪ್ಪಿಕೊಳ್ಳುವ ಕಥೆಗಳು ನನಗೆ ಹಿಡಿಸುವುದಿಲ್ಲ. ಮಕ್ಕಳು ಆಟದ ಮೈದಾನಕ್ಕೆ ಒಯ್ಯುವುದು ಗೇಲಿಯ ಪದಗಳನ್ನೇ. ಇಬ್ಬರು ಅಮ್ಮಂದಿರು ಕಳೆದುಹೋದ ಬೆಕ್ಕನ್ನು ಹುಡುಕಲಿ, ಪಾಯಸ ಸೀಯಿಸಲಿ. ಅವರು ಇಬ್ಬರು ಎನ್ನುವುದೇ ಕಥೆ ಆಗಬೇಕಿಲ್ಲ.

ಆ ಪೋಷಕರಿಗೆ ಏನು ಹೇಳಲಿ ಎಂದು ಕೇಳಿದರು. ಅಪ್ಪ-ಅಮ್ಮ ಇರುವ ಕಥೆ ಓದುವಾಗ ನಾವು ಮಲಗುವ ಕೋಣೆಯ ವಿಷಯ ಎತ್ತುವುದಿಲ್ಲ ಅಲ್ವಾ? ಇಲ್ಲೂ ಅಷ್ಟೇ. ಅರ್ಜುನ ಬೃಹನ್ನಳೆಯಾದ ಕಥೆಯನ್ನು ಮಕ್ಕಳು ಅಜ್ಜಿಯ ಬಾಯಲ್ಲಿ ಕೇಳಿದ್ದಾರೆ. ಟ್ರಾನ್ಸ್‌ಜೆಂಡರ್ ಜನಪದ ಕಲಾವಿದೆ ಮಂಜಮ್ಮ ಜೋಗತಿ 2021ರಲ್ಲಿ ಪದ್ಮಶ್ರೀ ಪಡೆದದ್ದನ್ನು ಮನೆಮಂದಿಯೆಲ್ಲ ಟಿವಿಯಲ್ಲಿ ನೋಡಿದ್ದಾರೆ. ಇದನ್ನು ಸಿಟ್ಟಿಲ್ಲದೆ, ಗುಂಪಿನಲ್ಲಲ್ಲ, ಎದುರು ಕೂತು ಹೇಳಿ ಎಂದೆ.

"ಸರ್ಕಾರದ ಮಾರ್ಗಸೂಚಿ ಏನಾದರೂ ಇದ್ದರೆ ಧೈರ್ಯ ಬರುತ್ತಿತ್ತು" ಎಂದರು. ಲಿಂಗತ್ವ ಅಲ್ಪಸಂಖ್ಯಾತ ಮಕ್ಕಳ ಬಗ್ಗೆ ಶಿಕ್ಷಕರಿಗಾಗಿ ಶಾಲಾ ಪಠ್ಯ ರೂಪಿಸುವ ಕೇಂದ್ರದ ಸಂಸ್ಥೆ ಎನ್‌ಸಿಇಆರ್‌ಟಿ 2021ರಲ್ಲಿ ಒಂದು ಕೈಪಿಡಿ ತಂದಿತ್ತು. ಆಕ್ಷೇಪ ಬಂದದ್ದೇ ತಡ, ಅದು ವೆಬ್‌ಸೈಟಿನಿಂದ ಮಾಯವಾಯಿತು. ಅದಕ್ಕೇ ಮುಖ್ಯೋಪಾಧ್ಯಾಯರನ್ನು ಮೊದಲೇ ಜೊತೆಗಿಟ್ಟುಕೊಳ್ಳಿ, ಒಬ್ಬರೇ ಸಿಕ್ಕಿಹಾಕಿಕೊಳ್ಳಬೇಡಿ ಎಂದೆ.

ಹಾಳೆ ಬದಲಾಯಿತು. ಪುಸ್ತಕ ಸದ್ಯಕ್ಕೆ ಕ್ಲಾಸಿನ ಕಪಾಟಿನಲ್ಲಿ ಬೇರೆ ಕಥೆಗಳ ಜೊತೆ ಇದೆ, ಬೇಕಾದವರು ತೆಗೆದು ಓದುತ್ತಾರೆ. ಗಟ್ಟಿಯಾಗಿ ಓದುವ ವಿಷಯ ಪೋಷಕರ ಸಭೆಗೆ ಹೋಗಿದೆ. ಆಕ್ಷೇಪ ಎತ್ತಿದವರು ಇನ್ನೂ ಒಪ್ಪಿಲ್ಲ. ಅಮ್ಮಂದಿರು ಕೇಳಿದ್ದು ಬೇರೆಯದೇ: ಮಗುವಿಗೆ ಹುಷಾರಿಲ್ಲದಾಗ ಫೋನ್ ಮಾಡುವ ಪಟ್ಟಿಯಲ್ಲಿ ಇಬ್ಬರ ನಂಬರೂ ಇರಲಿ ಅಂತ. ಅದಕ್ಕೆ ಯಾವ ಸಭೆಯೂ ಬೇಕಾಗಲಿಲ್ಲ, ಟೀಚರ್ ಅವತ್ತೇ ಸೇರಿಸಿದರು.